ಬೇಸ್ ಗಿಟಾರಿಗೆ ಸ-ಪ-ಸ-ಪ ಶ್ರುತಿ: ನನ್ನ ಅನುಭವ

ನಾಲ್ಕು ತಂತಿಯ ಬೇಸನ್ನು ಸಿ ಶ್ರುತಿಗೆ ಇಳಿಸಿದರೆ ತಂತಿ ಬಟ್ಟೆ ಒಣಹಾಕುವ ಹಗ್ಗವಾಗುತ್ತೆ ಅಂದವರೇ ಎಲ್ಲ. ಆಗಲಿಲ್ಲ. ಈಗ ಪಿಟೀಲು, ಮೃದಂಗದ ಜೊತೆ ಅದೇ ನುಡಿಯುತ್ತಿದೆ.

ದಪ್ಪ ತಂತಿಯಿಂದ ಶುರುಮಾಡಿದರೆ ಮಾಮೂಲಿ ಶ್ರುತಿ ಇ-ಎ-ಡಿ-ಜಿ. ಇಲ್ಲಿ ಸಿ-ಜಿ-ಸಿ-ಜಿ, ಅಂದರೆ ಸ-ಪ-ಸ-ಪ. ಜಿ ತಂತಿ ಇದ್ದಂತೆ ಇರಲಿ. ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ, ಒಂದಕ್ಕೆ ಅರ್ಧ ಸ್ವರ. ಎ, ಡಿ ಎರಡನ್ನೂ ಎರಡೆರಡು ಫ್ರೆಟ್‌ನಷ್ಟು ಇಳಿಸಿ. ತೊಂದರೆ ಕೊಡುವುದು ಇ ಮಾತ್ರ. 105ರ (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಇ ತಂತಿಯನ್ನೇ ಸಿಗೆ ತಂದರೆ ಎಳೆತ ಶೇ. 37 ಕಳೆದುಹೋಗಿ ಫ್ರೆಟ್ಟಿಗೆಲ್ಲ ಬಡಿಯುತ್ತದೆ. ಐದು ತಂತಿ ಸೆಟ್ಟಿನ 130ರ ಬಿ ತಂತಿ ಹಾಕಿ ಅರ್ಧ ಸ್ವರ ಏರಿಸಿ, ಎಳೆತ ಶೇ. 12 ಹೆಚ್ಚಿ ಗಟ್ಟಿಯಾಗಿ ನಿಲ್ಲುತ್ತದೆ. ಬಿಡಿ ತಂತಿ ಹುಡುಕುವುದು ದಂಡ. ಸೆಟ್ಟಿಗೇ ಎರಡು ಸಾವಿರ ಚಿಲ್ಲರೆ ಹೋಯಿತು.

130 ತಂತಿ, ಬಿರಡೆಗಳ ಪಕ್ಕ ತಂತಿಗಳನ್ನು ಹಿಡಿದಿಡುವ ಹಳೇ ನಟ್‌ನ ಸೀಳಿನಲ್ಲಿ ಕೂರದು. ಮೇಲೆಯೇ ನಿಂತರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ. ರಿಪೇರಿಯವರು ಸಾವಿರದೈನೂರು ಕೇಳಿದರು. ಮಿಕ್ಕ ಇ ತಂತಿಗೆ 400 ನಂಬರಿನ ಎಮರಿ ಪೇಪರ್ ಒಂದು ಸುತ್ತು ಸುತ್ತಿ, ಬಿರಡೆಯ ಕಡೆ ತುಸು ಇಳಿಜಾರಾಗಿ ಉಜ್ಜಿದರೆ ಖರ್ಚು ಹತ್ತು ರೂಪಾಯಿ. ತಂತಿಯನ್ನು ಮೊದಲು ಬಗ್ಗಿಸಿ, ಆಮೇಲೆ ಕತ್ತರಿಸಿ. ತಿರುವುಮುರುವಾದರೆ ಒಳತಂತಿ ಜಾರಿ ನಾದ ಸತ್ತುಹೋಗುತ್ತದೆ, ಸೆಟ್ಟಿನ ದುಡ್ಡೂ ಹೋಯಿತು. ಒಟ್ಟು ಎಳೆತ ಇಳಿದಿರುವುದರಿಂದ ಕತ್ತು ಹಿಂದಕ್ಕೆ ಬಾಗುತ್ತದೆ. ಟ್ರಸ್ ರಾಡ್ (ಕತ್ತಿನೊಳಗಿನ ಉಕ್ಕಿನ ಸರಳು) ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಫ್ರೆಟ್ಟುಗಳ ಶ್ರುತಿ ಸರಿಹೋಗಲು ಸ್ಯಾಡಲ್ (ಬುಡದಲ್ಲಿ ತಂತಿ ಕೂರುವ ತುಂಡು) ಹಿಂದೆ ಸರಿಯಲು ಜಾಗ ಸಾಲದಿದ್ದರೆ ಅದರ ಸ್ಪ್ರಿಂಗ್ ತೆಗೆದುಬಿಡಿ.

ಕೆಳಗಿನ ಸಿ 32.7 ಹರ್ಟ್ಸ್. ಕ್ಲಿಪ್ ಟ್ಯೂನರ್ ತಡಕಾಡುತ್ತದೆ. 12ನೇ ಫ್ರೆಟ್ಟಿನ ಮೇಲೆ ತಂತಿ ಒತ್ತದೆ ಬೆರಳು ಸೋಕಿಸಿ ಹಾರ್ಮೋನಿಕ್ ಹಿಡಿದು ಕೂಡಿಸಿ. ಪಂಚಮಕ್ಕೆ ಟ್ಯೂನರ್ ಬೇಡ, ತಂಬೂರಿ ಹಾಕಿಕೊಂಡು ನಾದದ ಅಲೆಯಾಟ ನಿಲ್ಲುವವರೆಗೆ ಕಿವಿಯಲ್ಲೇ ಸೇರಿಸಿ.

ಫಲ? ಹಂಸಧ್ವನಿಗೆ ಸ ತಂತಿಯಲ್ಲಿ 0-2-4, ಪ ತಂತಿಯಲ್ಲಿ 0-4 (ಫ್ರೆಟ್ ಸಂಖ್ಯೆ, 0 ಅಂದರೆ ಒತ್ತದ ತಂತಿ). ಮೋಹನಕ್ಕೆ 0-2-4, 0-2. ಮೇಲಿನ ಸ್ಥಾಯಿಗೂ ಅದೇ ಬೆರಳು. ಮಧ್ಯಮ ಬಂದರೆ ಮಾತ್ರ ಕೈ ಸರಿಸಬೇಕು, ಶಂಕರಾಭರಣ ಅಷ್ಟು ಸಲೀಸಲ್ಲ. ಇನ್ನೊಂದು ಕಾಟ, 4ನೇ ಫ್ರೆಟ್ಟಿನ ಗಾಂಧಾರ ತಂಬೂರಿಗಿಂತ ಸುಮಾರು 14 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಮೇಲಿರುತ್ತದೆ. ಫ್ರೆಟ್‌ಲೆಸ್ ಆದರೆ ಗೆರೆಗಿಂತ ಐದೂವರೆ ಮಿಲಿಮೀಟರ್ ಹಿಂದೆ ಬೆರಳಿಡಿ.

ಕಚೇರಿಯ ಪೋಸ್ಟರಿಗೆ ಎಐ ಚಿತ್ರ ಬರೆಸಿದ್ದೆ. ಏಳು ತಂತಿ, ಮೂರೇ ಬಿರಡೆ, ಕೆಳಗೊಂದು ತಂಬೂರಿ ಬುರುಡೆ! ಪೋಸ್ಟರಿಗೆ ಬರಲಿಲ್ಲ, ಆದರೆ ಅದರಲ್ಲಿದ್ದ ಅಗಲ ಕುದುರೆ (ತಂತಿ ಹಾಯುವ ಸೇತುವೆ) ತಲೆಯಲ್ಲಿ ಉಳಿಯಿತು. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯಡಿ ತೂರಿಸುವ ದಾರ, ಅಂದರೆ ಜೀವಾಳ, ಝೇಂಕಾರ ತರುತ್ತದಲ್ಲ, ಅದನ್ನೇ ಬೇಸಿನಲ್ಲಿ ಬಯಸಿದೆ. ಸ್ಯಾಡಲ್ ಅಂಚು ಚೂಪು, ಬರೀ ದಾರ ತೂರಿಸಿದರೆ ನಾದ ಮುಚ್ಚಿಕೊಳ್ಳುತ್ತದೆ. ಸ್ಯಾಡಲ್ಲಿನ ಮುಂದೆ ನಯವಾಗಿ ಉಜ್ಜಿದ ಮೂಳೆಯ ಚಪ್ಪಟೆ ತುಂಡು ಇಟ್ಟು, ಅದರ ಮೇಲೆ ದಾರ ಜರುಗಿಸಿದಾಗ ಜೀವಾಳ ಝೇಂಕರಿಸಿತು. ಆ ತುಂಡಿನ ಇಳಿಜಾರು ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.