ಟರ್ಕಿಶ್ ಭಾವದ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್: ಕೊನೆಗೆ ಕೆಲಸಕ್ಕೆ ಬಂದ ಕ್ರಮ

ತೊಂದರೆ ಇಷ್ಟು. ಟರ್ಕಿಶ್ ದೃಶ್ಯವೊಂದರಲ್ಲಿ ಮೊಮ್ಮಗ ಬಿದ್ದು ಮಂಡಿ ತರಚಿಕೊಳ್ಳುತ್ತಾನೆ, ಅಜ್ಜಿ 'ಕಿಯಾಮಮ್' ಅನ್ನುತ್ತಾಳೆ. ನನ್ನ ಸಬ್‌ಟೈಟಲ್: 'ಐ ಕಾಂಟ್ ಹರ್ಟ್ ಯು'. ಅಜ್ಜಿಯೇ ತಳ್ಳಿದ ಹಾಗಾಯ್ತು, ಅಲ್ವಾ?

ನಿಘಂಟು ನೋಡಿದೆ. ಅರ್ಥ ಸರಿ, ವಾಕ್ಯ ಸತ್ತಿತ್ತು. ಯಂತ್ರಾನುವಾದ ಪ್ರತಿ ಸಲ ಬೇರೆ ಬೇರೆ ಕೊಟ್ಟಿತು. ಒಂದು ಮಾತಿಗೆ ಒಂದೇ ಇಂಗ್ಲಿಷ್ ಅಂತ ಪಟ್ಟಿ ಮಾಡಿದ್ದು ಇನ್ನೂ ಕೆಟ್ಟದಾಯ್ತು: 'ಗೆಚ್ಮಿಶ್ ಓಲ್ಸುನ್' (ಕಷ್ಟ ಕಳೆದುಹೋಗಲಿ ಅನ್ನೋ ಹಾರೈಕೆ) ಅಂದರೆ 'ಗೆಟ್ ವೆಲ್ ಸೂನ್' ಅಂತ ಬರೆದಿಟ್ಟಿದ್ದೆ. ಜೈಲಿಂದ ಬಿಡುಗಡೆಯಾದವನಿಗೂ ಅದೇ ಹೋಯ್ತು!

ಸರಿಹೋದದ್ದು ಹೀಗೆ. ಮೊದಲು ಕನ್ನಡಕ್ಕೆ ತಂದೆ. ಟರ್ಕಿಶ್‌ನಲ್ಲೂ ನಮ್ಮ ಹಾಗೆ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ, ಪ್ರತ್ಯಯಗಳು ಬಾಲದಲ್ಲಿ. 'ಕಿಯಾಮಮ್' ಬಿಡಿಸಿದರೆ 'ನೋಯಿಸೋಕೆ ನನಗೆ ಮನಸ್ಸು ಬರಲ್ಲ'. ಆಮೇಲೆ ಒಂದು ಸಾಲು ಬರೆದೆ: ಯಾರು, ಯಾರಿಗೆ, ಈಗಷ್ಟೇ ಏನಾಯ್ತು. ಮೂರನೆಯದೇ ಮುಖ್ಯ. ಟರ್ಕಿಶ್ ಸಾಲನ್ನೂ ಕನ್ನಡವನ್ನೂ ಮುಚ್ಚಿಟ್ಟು, ಆ ಒಂದು ಸಾಲು ಮಾತ್ರ ನೋಡಿ ಇಂಗ್ಲಿಷ್ ಬರೆಯಬೇಕು. ಮೂಲ ಕಣ್ಣಿಗೆ ಬಿದ್ದರೆ ಪದಕ್ಕೆ ಪದ ಬಂದೇ ಬರುತ್ತೆ.

ಅಜ್ಜಿಗೆ 'ಓ, ಯು ಪೂರ್ ಥಿಂಗ್' ಬಂತು. ಅದೇ ಪದ, ಮುನಿಸು ಮರೆತ ಪ್ರೇಮಿಯ ಬಾಯಲ್ಲಿ 'ಐ ಕಾಂಟ್ ಸ್ಟೇ ಮ್ಯಾಡ್ ಅಟ್ ಯು'. ಜೈಲಿನವನಿಗೆ 'ಗ್ಲಾಡ್ ದಟ್ಸ್ ಬಿಹೈಂಡ್ ಯು'.

ಕೊನೆಗೆ ಮೂಲ ತೆರೆದು ತೀವ್ರತೆ ಮಾತ್ರ ಹೋಲಿಸಿ. 'ಕುರ್ಬಾನ್ ಓಲಾಯಿಮ್', ಅಂದರೆ ನಿನಗಾಗಿ ಬಲಿಯಾಗ್ತೀನಿ. ದಿನನಿತ್ಯದ ಮುದ್ದಿಗೂ ಹೇಳುತ್ತಾರೆ. ಅಲ್ಲಿ ಸುಮ್ನೆ 'ಸ್ವೀಟ್‌ಹಾರ್ಟ್' ಸಾಕು, ಸಾವು ಬೇಡ.