ಲಕ್ಷಣವೇ ಇಲ್ಲದವರಲ್ಲಿ ಪಾದರಸ ಹುಡುಕಿದ್ದು: ಡೊಂಬಿವಲಿಯಿಂದ ನನ್ನ ಅನುಭವ

"ಕೈ ನಡುಕ ಇಲ್ಲ, ಒಸಡು ನೋವಿಲ್ಲ. ಅಂಥವರಿಗೆ ಪಾದರಸದ ಟೆಸ್ಟ್ ಯಾಕ್ರೀ? ದುಡ್ಡು ದಂಡ" ಎಂದು ಸ್ನೇಹಿತ ಡಾಕ್ಟರುಗಳು ಹೇಳುತ್ತಲೇ ಬಂದರು. ಈಗ ಅವರೇ ನನ್ನ ಕ್ಲಿನಿಕ್‌ಗೆ ರೋಗಿಗಳನ್ನು ಕಳಿಸುತ್ತಾರೆ.

ಮೊದಲ ವರ್ಷ ಬರೀ ಖರ್ಚು. ಹೊರಗಿನ ಲೋಹ ಬೆರೆಯದಂತೆ ಮಾಡಿದ, ಕಡುನೀಲಿ ಮುಚ್ಚಳದ ಟ್ರೇಸ್ ಎಲಿಮೆಂಟ್ ಟ್ಯೂಬನ್ನು ನಾನೇ ಕೊಟ್ಟು ಕಳಿಸಿದರೂ, ಒಂದು ಲ್ಯಾಬಿನವರು ಮಾಮೂಲಿ ಟ್ಯೂಬಿಗೆ ರಕ್ತ ತೆಗೆದರು. ಆ ರಿಪೋರ್ಟಿಗೆ ಅರ್ಥವೇ ಇರಲಿಲ್ಲ. ರಕ್ತ, ಮೂತ್ರ ಎರಡೂ ಸೇರಿ ಆಗ ಹೆಚ್ಚುಕಮ್ಮಿ 4000 ರೂಪಾಯಿ. ಹೋಟೆಲಿನಲ್ಲಿ ದುಡಿಯುವ ಕುಂದಾಪುರದ ಹುಡುಗನನ್ನು ಮತ್ತೆ ಕೇಳಲು ಬಾಯಿ ಬರಲಿಲ್ಲ. ನಾನೇ ಕಟ್ಟಿದೆ.

ಹಿರಿಯರೊಬ್ಬರು, "ಡಿಎಂಎಸ್ಎ ಕೊಟ್ಟು ಮೂತ್ರ ಹಿಡೀರಿ, ಎಲ್ಲಾ ಹೊರಗೆ ಬರುತ್ತೆ" ಎಂದರು. ಡಿಎಂಎಸ್ಎ ಅಂದರೆ ಮೈಯಲ್ಲಿರುವ ಲೋಹವನ್ನು ಹಿಡಿದು ಮೂತ್ರಕ್ಕೆ ತಳ್ಳುವ ಔಷಧಿ. ಅದನ್ನು ಯಾರಿಗೆ ಕೊಟ್ಟರೂ ಒಂದಿಷ್ಟು ಪಾದರಸ ಬರುತ್ತೆ. ಆ ಅಂಕಿಯನ್ನು ಹೋಲಿಸಿ ನೋಡಲು ಸರಿಯಾದ ಮಿತಿಯೇ ಇಲ್ಲ. ನಾನು ಒಪ್ಪಲಿಲ್ಲ.

ಕೊನೆಗೆ ಕೈಹಿಡಿದದ್ದು ಜೋಡಿ ಸ್ಯಾಂಪಲ್. ಒಂದೇ ದಿನ ರಕ್ತ, ಬೆಳಗಿನ ಮೂತ್ರ, ಜೊತೆಗೆ, ಮೂತ್ರ ಎಷ್ಟು ತೆಳುವೋ ಗಟ್ಟಿಯೋ ಎಂದು ಲೆಕ್ಕ ಹಾಕಲು, ಮೂತ್ರದ ಕ್ರಿಯೇಟಿನಿನ್. ರಕ್ತದಲ್ಲಿ ಜಾಸ್ತಿ, ಮೂತ್ರದಲ್ಲಿ ಕಡಿಮೆ ಅಂದರೆ ಹೆಚ್ಚಾಗಿ ಮೀನಿನದು. ನಮ್ಮ ಕರಾವಳಿಯವರಿಗೆ ಅಂಜಲ್ ಇಲ್ಲದೆ ಊಟ ಸೇರುವುದಿಲ್ಲ, ಅಲ್ವಾ? ದೊಡ್ಡ ಮೀನು ಬಿಟ್ಟು ಬಂಗುಡೆ, ಬೂತಾಯಿ ತಿನ್ನಿ ಎನ್ನುತ್ತೇನೆ. ಮೀನಿನಲ್ಲಿರುವ ಮೀಥೈಲ್ ಪಾದರಸ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 50 ದಿನ ಬೇಕು. ಹಾಗಾಗಿ ಮೂರು ತಿಂಗಳೊಳಗೆ ಮತ್ತೆ ಟೆಸ್ಟ್ ಮಾಡಿಸುವುದಿಲ್ಲ.

ಮೂತ್ರದಲ್ಲಿ, ಪ್ರತಿ ಗ್ರಾಂ ಕ್ರಿಯೇಟಿನಿನ್‌ಗೆ 20 ಮೈಕ್ರೋಗ್ರಾಂ ದಾಟಿದರೆ ದಾರಿ ಬೇರೆ. ಪಾದರಸ ಬೆರೆಸಿರಬಹುದಾದ ಮುಖ ಬೆಳ್ಳಗಾಗಿಸುವ ಕ್ರೀಮು, ಪಾದರಸದಿಂದ ಮಾಡುವ ಆಯುರ್ವೇದದ ರಸೌಷಧಿ, ಪಾದರಸ ಬಳಸಿ ಚಿನ್ನದ ಧೂಳು ತೊಳೆಯುವ ಕೆಲಸ, ಈ ಮೂರನ್ನು ಕೆದಕುತ್ತೇನೆ. ಕ್ರೀಮಿನ ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ಬಾಯಿಬಿಡಿಸಲು ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಅದನ್ನಿಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದರೆ ರೋಗಿಗಳು ಉತ್ತರ ತಯಾರಿಟ್ಟುಕೊಂಡೇ ಬರುತ್ತಾರೆ.

ಮುಲುಂಡಿನ ಒಬ್ಬ ತಾಯಿ ಹಾಗೇ ಬಾಯಿಬಿಟ್ಟು, ಲೇಬಲ್ಲಿಲ್ಲದ ಕ್ರೀಮಿನ ಡಬ್ಬಿ ತಂದುಕೊಟ್ಟರು. ಸುಮ್ನೆ ನೋಡೋಣ ಅಂತ ಪರಿಚಯದ ಚಿನ್ನದಂಗಡಿಗೆ ಒಯ್ದೆ. ಕ್ಯಾರೆಟ್ ನೋಡುವ ಎಕ್ಸ್‌ರೇ ಯಂತ್ರದಲ್ಲಿ, ತೆಳು ಪ್ಲಾಸ್ಟಿಕ್ ಹಾಳೆಗೆ ಸವರಿ ಇಟ್ಟೆವು. ಚಿನ್ನದ ಗೆರೆ ಬರುವ ಜಾಗದ ಪಕ್ಕದಲ್ಲೇ ಪಾದರಸದ ಗೆರೆ ಎದ್ದು ನಿಂತಿತು. ಅಂಕಿ ನಂಬುವಂತಿಲ್ಲ. ಆದರೆ ನಿಯಮದ ಪ್ರಕಾರ ಕ್ರೀಮಿನಲ್ಲಿ ಇರಬಹುದಾದದ್ದು 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಕಡಿಮೆ ಇದ್ದರೆ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಕಂಡಿತೆಂದರೆ ಮಿತಿ ಎಷ್ಟೋ ಪಟ್ಟು ದಾಟಿದೆ.

ಆಕೆಯ ಮೂತ್ರದಲ್ಲಿ 60ರ ಆಸುಪಾಸು ಇತ್ತು. ಕ್ರೀಮು ಮುಟ್ಟದ ಮಗುವಿನದೂ 15ರ ಹತ್ತಿರ. ಒಂದೇ ಟವೆಲ್, ಒಂದೇ ದಿಂಬು. ಅಂದಿನಿಂದ ಮನೆಮಂದಿಯನ್ನೆಲ್ಲ ನೋಡುತ್ತೇನೆ. ಡಬ್ಬಿ ಬಿಡಿಸಿ, ಹಾಸಿಗೆ ಬಟ್ಟೆ ಬದಲಿಸಿದ್ದಷ್ಟೇ. ನಾಲ್ಕೈದು ತಿಂಗಳಲ್ಲಿ ಇಬ್ಬರದೂ 10ರ ಕೆಳಗೆ ಬಂತು. ಒಂದು ಗುಳಿಗೆಯನ್ನೂ ಕೊಡಲಿಲ್ಲ.

ಅಂಕಿ ಇಳಿದರೂ ಮೂತ್ರದ ಪ್ರೋಟೀನ್ ಬಿಡಬೇಡಿ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮಿನಿಂದ ಕಿಡ್ನಿ ಕೆಟ್ಟವರ ಸುದ್ದಿ ಬಂದಿತ್ತಲ್ಲ. ಪ್ರೋಟೀನ್ ನೋಡಲು ಮೂತ್ರದಲ್ಲಿ ಅದ್ದುವ ಪಟ್ಟಿ, ಡಿಪ್‌ಸ್ಟಿಕ್ಕಿಗೆ ಹತ್ತಿಪ್ಪತ್ತು ರೂಪಾಯಿ. ಎರಡು ಪ್ಲಸ್ ಬಂದರೆ ಅದೇ ವಾರ ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ಹತ್ತಿರ ಕಳಿಸುತ್ತೇನೆ, ಡಬ್ಬಿಯ ಸಮೇತ.