ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ: ಕರೆಂಟ್ ಹೋದಾಗ ಜನರೇಟರ್

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ನೆಲಮಾಳಿಗೆಯ ಡೀಸೆಲ್ ಜನರೇಟರ್ ತಾನಾಗಿ ಗುಡುಗುತ್ತಿತ್ತು. ಊರ ಮನೆಯಲ್ಲಾದರೆ ಯುಪಿಎಸ್ ಇತ್ತು, ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಕರೆಂಟ್ ದಿನಾ ಹೋಗುವುದಿಲ್ಲ ನಿಜ, ಹೋದರೆ ದಿನಗಟ್ಟಲೆ ಹೋಗುತ್ತದೆ. 2021ರ ಫೆಬ್ರವರಿಯ ಹಿಮಗಾಳಿ, 2024ರ ಮೇ 16ರ ಬಿರುಗಾಳಿ, ಅದಾಗಿ ಎರಡು ತಿಂಗಳೊಳಗೆ ಜುಲೈ 8ಕ್ಕೆ ಬೆರಿಲ್ ಚಂಡಮಾರುತ. ಬೆರಿಲ್ ಒಂದರಲ್ಲೇ ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕತ್ತಲಾದವು. ಕೆಲವು ಬೀದಿಗಳಿಗೆ ಆ ಜುಲೈ ಸೆಕೆಯಲ್ಲಿ ವಾರ ಕಳೆದರೂ ಕರೆಂಟ್ ಬರಲಿಲ್ಲ.

ಜನರೇಟರ್ ಕೊಳ್ಳಬೇಕೆ ಎಂದು ನಮ್ಮ ಸಂಘದವರನ್ನು ಪ್ರತಿ ವರ್ಷ ಕೇಳುತ್ತಾರೆ. ಎಷ್ಟು ವ್ಯಾಟ್‌ನದು ಎಂದು ಯೋಚಿಸುವ ಮೊದಲು ಅದನ್ನು ಎಲ್ಲಿ ಇಡುತ್ತೀರಿ ಎಂದು ನೋಡಿಕೊಳ್ಳಿ.

ಹೊಗೆಯ ಮಾತು ಮೊದಲು

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣೂ ಉರಿಯುವುದಿಲ್ಲ. ಮಲಗಿದವರು ಏಳುವುದೇ ಇಲ್ಲ. 2021ರ ಚಳಿಯಲ್ಲಿ ಮನೆ ಬೆಚ್ಚಗಾಗಲೆಂದು ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿದವರು, ಒಳಗೆ ಇದ್ದಿಲ ಒಲೆ ಹಚ್ಚಿದವರು, ಜನರೇಟರ್ ಓಡಿಸಿದವರು ಇದೇ ನಗರದಲ್ಲಿ ಜೀವ ಕಳೆದುಕೊಂಡರು. ಆದ್ದರಿಂದ ಗ್ಯಾರೇಜಿನಲ್ಲಿ ಬೇಡ, ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಪ್ಯಾಟಿಯೊ ಚಾವಣಿಯ ಕೆಳಗೂ ಬೇಡ. ಮನೆಯಿಂದ ಕನಿಷ್ಠ 20 ಅಡಿ ದೂರದ ಬಯಲಲ್ಲಿಟ್ಟು, ಹೊಗೆಯ ಕೊಳವೆ ನಿಮ್ಮ ಮನೆಗೂ ಪಕ್ಕದ ಮನೆಯ ಕಿಟಕಿಗೂ ಬೆನ್ನು ಮಾಡಿರುವಂತೆ ತಿರುಗಿಸಿ. ಮಳೆ ಬಂದರೆ ಅದಕ್ಕೆಂದೇ ಮಾಡಿದ ಹೊದಿಕೆ ಸಿಗುತ್ತದೆ. ಮಳೆಯ ನೆಪದಲ್ಲಿ ಒಳಗೆ ತರಬೇಡಿ.

ಮಲಗುವ ಕೋಣೆಗಳ ಹತ್ತಿರ ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಹಾಕಿ. ಮನೆಯಲ್ಲಿ ಒಟ್ಟಿಗೇ ಇಬ್ಬರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅಜೀರ್ಣವೆಂದು ಮಜ್ಜಿಗೆ ಕುಡಿದು ಮಲಗಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಿ.

ಅಪಾರ್ಟ್‌ಮೆಂಟಿನಲ್ಲಿರುವವರು ಜನರೇಟರ್ ಆಸೆ ಬಿಟ್ಟುಬಿಡಿ. ಬಾಲ್ಕನಿಯೂ ಮನೆಯೊಳಗೆಂದೇ ಲೆಕ್ಕ. ಲಿಥಿಯಂ ಬ್ಯಾಟರಿಯ ಪವರ್ ಸ್ಟೇಷನ್ ತೆಗೆದುಕೊಳ್ಳಿ. ಹೊಗೆಯಿಲ್ಲ, ಒಳಗೇ ಇಡಬಹುದು. 1,000 ವ್ಯಾಟ್-ಅವರ್‌ನದು ಇದ್ದರೆ ಒಂದು ಫ್ಯಾನು, ವೈಫೈ, ಫೋನುಗಳು ಒಂದು ರಾತ್ರಿ ನಿಶ್ಚಿಂತೆಯಾಗಿ ನಡೆಯುತ್ತವೆ. ಇನ್ಸುಲಿನ್ ಇಟ್ಟುಕೊಂಡ ಹಿರಿಯರಿರುವ ಮನೆಗೆ ಇಷ್ಟಾದರೂ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಎಷ್ಟು ದೊಡ್ಡದು?

ಇಡೀ ಮನೆಯ ಸೆಂಟ್ರಲ್ ಎಸಿ ಓಡಿಸುವ ಹಟ ಬೇಡ. ಫ್ರಿಜ್, ನಾಲ್ಕು ದೀಪ, ಒಂದು ಕೋಣೆಗೆ 5,000 ಬಿಟಿಯು ಕಿಟಕಿ ಎಸಿ, ಹೊತ್ತಿಗೊಮ್ಮೆ ರೈಸ್ ಕುಕ್ಕರ್. ಕಿಟಕಿ ಎಸಿ ಸುಮಾರು 500 ವ್ಯಾಟ್ ತಿನ್ನುತ್ತದೆ, ರೈಸ್ ಕುಕ್ಕರ್ 500ರಿಂದ 700. ಫ್ರಿಜ್ ಓಡುವಾಗ ಕಡಿಮೆ, ಕಂಪ್ರೆಸರ್ ಹೊರಡುವ ಒಂದು ಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವುದು ಆ ಕ್ಷಣಕ್ಕೆ ತಾಳುವ ಸ್ಟಾರ್ಟಿಂಗ್ ವ್ಯಾಟ್, ನೀವು ನೋಡಬೇಕಾದ್ದು ಸಣ್ಣಕ್ಷರದ ರನ್ನಿಂಗ್ ವ್ಯಾಟ್, ಅಂದರೆ ಬಿಡದೆ ಓಡುವಾಗ ಕೊಡುವಷ್ಟು. ನಾನು ಹೇಳಿದಷ್ಟಕ್ಕೆ 3,500ರಿಂದ 5,000 ಸಾಕು. ಊರಿಂದ ತಂದ 230 ವೋಲ್ಟಿನ ಮಿಕ್ಸಿಯನ್ನು ಅದರ 240 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪ್ರಯೋಗ ಮಾಡಬೇಡಿ.

ಹೊರಗಿನಿಂದ ಒಳಗೆ ಎಳೆಯುವ ಎಕ್ಸ್‌ಟೆನ್ಷನ್ ವೈರ್ 12 ಗೇಜಿನ ದಪ್ಪದ್ದೇ ಇರಲಿ. ಸಣ್ಣ ವೈರ್ ಬಿಸಿಯಾಗಿ ಕಾರ್ಪೆಟ್ಟಿಗೆ ಬೆಂಕಿ ಹತ್ತಬಹುದು. ಎರಡೂ ಕಡೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಕರೆಂಟ್ ಕೊಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆ ಕರೆಂಟ್ ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ, ನಿಮ್ಮ ಲೈನ್ ಸರಿಮಾಡಲೆಂದೇ ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಮನೆಯ ವೈರಿಂಗಿಗೇ ಕೊಡಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಟ್ರಾನ್ಸ್‌ಫರ್ ಸ್ವಿಚ್ ಅಥವಾ ಇಂಟರ್‌ಲಾಕ್ ಹಾಕಿಸಿ. ಬೀದಿಯ ಲೈನೂ ಜನರೇಟರೂ ಒಟ್ಟಿಗೆ ಮನೆಗೆ ಸೇರದಂತೆ ಅವು ತಡೆಯುತ್ತವೆ.

ಸ್ವಂತ ಮನೆ ಕೊಂಡವರು ನ್ಯಾಚುರಲ್ ಗ್ಯಾಸಿನಲ್ಲಿ ಓಡುವ, ಮನೆಯ ಹೊರಗೆ ಕಾಯಂ ಆಗಿ ಕೂರಿಸುವ ಸ್ಟ್ಯಾಂಡ್‌ಬೈ ಜನರೇಟರ್ ಹಾಕಿಸಬಹುದು, ಅದು ತಾನೇ ಚಾಲೂ ಆಗುತ್ತದೆ. ಪರ್ಮಿಟ್ಟು, ಗ್ಯಾಸ್ ಲೈನು ಎಲ್ಲ ಸೇರಿ ಹತ್ತು ಸಾವಿರ ಡಾಲರ್ ದಾಟುವುದು ಮಾಮೂಲು. ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಜಾಗ, ಮರೆ ಇತ್ಯಾದಿ ನಿಯಮ ಹೇಳಬಹುದೇ ಹೊರತು ಹಾಕಲೇಬಾರದು ಎನ್ನುವಂತಿಲ್ಲ. ಟೆಕ್ಸಸ್‌ನಲ್ಲಿ 2015ರಿಂದ ಅದಕ್ಕೆ ಕಾನೂನೇ ಇದೆ.

ಇಟ್ಟುಕೊಳ್ಳುವ ಬಗೆ

ಬೆರಿಲ್ ಬಂದ ಬೆಳಗ್ಗೆ ನನ್ನ ಜನರೇಟರ್ ಹೊರಡಲಿಲ್ಲ. ಹಗ್ಗ ಎಳೆದು ಎಳೆದು ಅಂಗೈ ಕೆಂಪಾಯಿತು. ಕೊನೆಗೆ ಕಾರ್ಬ್ಯುರೇಟರ್ ಬಟ್ಟಲು ಬಿಚ್ಚಿದರೆ ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು, ಹಳೆಯ ವಾರ್ನಿಷಿನ ವಾಸನೆ. ಹಿಂದಿನ ವರ್ಷದ ಪೆಟ್ರೋಲ್ ಒಳಗೇ ಉಳಿದಿತ್ತು. ಇಲ್ಲಿ ‘ಗ್ಯಾಸ್’ ಎಂದರೆ ಪೆಟ್ರೋಲ್, ಅದರಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರಿ ಬೇಗ ಕೆಡುತ್ತದೆ. ಈಗ ನಾನು ಕ್ಯಾನಿಗೆ ತುಂಬಿದ ದಿನವೇ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರವ ಬೆರೆಸುತ್ತೇನೆ. ತಿಂಗಳಿಗೊಮ್ಮೆ ಹೊರಗೆ ತಂದು, ಒಂದು ಟೇಬಲ್ ಫ್ಯಾನು, ಒಂದು ಹೀಟರ್ ಸಿಕ್ಕಿಸಿ ಇಪ್ಪತ್ತು ನಿಮಿಷ ಓಡಿಸುತ್ತೇನೆ. ನಿಲ್ಲಿಸುವಾಗ ಸ್ವಿಚ್ ಒತ್ತುವುದಿಲ್ಲ. ಪೆಟ್ರೋಲಿನ ಕೀಲಿ ಮುಚ್ಚಿ, ಕಾರ್ಬ್ಯುರೇಟರ್ ಖಾಲಿಯಾಗಿ ಎಂಜಿನ್ ತಾನೇ ಕೆಮ್ಮಿ ನಿಲ್ಲುವವರೆಗೆ ಕಾಯುತ್ತೇನೆ.

ಕರೆಂಟಿಲ್ಲದೆ ಪೆಟ್ರೋಲ್ ಬಂಕಿನ ಪಂಪೂ ಓಡುವುದಿಲ್ಲ. ತೆರೆದ ಬಂಕುಗಳ ಮುಂದೆ ಉದ್ದದ ಸಾಲು. 5,000 ವ್ಯಾಟ್‌ನದು ಅರ್ಧ ಹೊರೆಯಲ್ಲಿ ಗಂಟೆಗೆ ಅರ್ಧ ಗ್ಯಾಲನ್‌ಗಿಂತ ತುಸು ಹೆಚ್ಚೇ ಕುಡಿಯುತ್ತದೆ. ಹಗಲೂ ರಾತ್ರಿ ಓಡಿಸದೆ, ಬೆಳಿಗ್ಗೆ ಎರಡು ಗಂಟೆ ಫ್ರಿಜ್ಜಿಗೆ, ರಾತ್ರಿ ನಿದ್ದೆಗೆ ಎಂದು ಹಂಚಿಕೊಳ್ಳಿ. ಬಾಗಿಲು ತೆರೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ಪೆಟ್ರೋಲ್ ತುಂಬುವ ಮೊದಲು ನಿಲ್ಲಿಸಿ, ಎಂಜಿನ್ ಆರಲು ಬಿಡಿ. ಆಗಲೇ ಆಯಿಲ್ ಮಟ್ಟವನ್ನೂ ನೋಡಿ. ಹೆಚ್ಚಿನವಕ್ಕೆ 50ರಿಂದ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಬಿಡದೆ ಓಡಿಸಿದರೆ 100 ಗಂಟೆ ನಾಲ್ಕೇ ದಿನಕ್ಕೆ ಮುಗಿಯುತ್ತದೆ, ಆದ್ದರಿಂದ ಒಂದು ಬಾಟಲಿ ಮನೆಯಲ್ಲಿರಲಿ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಏಪ್ರಿಲ್ ಕೊನೆಯಲ್ಲಿ ಒಂದು ವಾರಾಂತ್ಯ 3,000 ಡಾಲರಿಗಿಂತ ಕಡಿಮೆಯ ಪೋರ್ಟಬಲ್ ಜನರೇಟರಿಗೆ ಟೆಕ್ಸಸ್ ಸರ್ಕಾರ ಸೇಲ್ಸ್ ಟ್ಯಾಕ್ಸ್ ಹಾಕುವುದಿಲ್ಲ, ಆಗಲೇ ಕೊಳ್ಳಿ. ತಂದ ವಾರವೇ ಡಬ್ಬ ಬಿಚ್ಚಿ. ಹೊಸದರ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಆಯಿಲ್ ಇರುವುದಿಲ್ಲ. ಮೊದಲು ಅದನ್ನು ಹಾಕಿ, ಆಮೇಲೆ ಹಗ್ಗ ಎಳೆಯಿರಿ. ಗಂಡ ಹೆಂಡತಿ ಇಬ್ಬರೂ ಒಂದೊಂದು ಸಲ ಚಾಲೂ ಮಾಡಿ ನೋಡಿ. ಕೈ ಹತ್ತದಿದ್ದರೆ ಸಂಘಕ್ಕೆ ತಿಳಿಸಿ, ಶನಿವಾರ ನಮ್ಮಲ್ಲಿ ಯಾರಾದರೂ ಬಂದು ಜೊತೆಗೆ ನಿಂತು ತೋರಿಸಿಕೊಡುತ್ತೇವೆ.